ಸೂರ್ಯಕಲ್ಲು ಬರಿದಾದ ಸುತ್ತು

ನಿಯಮಗಳ ಬಗ್ಗೆ ಸಂದೇಹವಿದ್ದವರು ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸಬಹುದಾದಂತೆ ಪ್ರಶ್ನೆ ಬರೆಯಬೇಕು, ತಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಡಬೇಕು ಎಂದು ನಮ್ಮ ಆಟದ ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿದ್ದೆವು. ಆ ಸಾಲು ಬರೆದವಳು ನಾನೇ. ಏಳು ವರ್ಷ ಅದರ ಫಲ ಉಂಡವಳೂ ನಾನೇ.

ಆಟದ ಹೆಸರು ‘ಒಂಬತ್ತನೇ ಚಂದ್ರ’. ಅದರಲ್ಲಿ ಬಾಹ್ಯಾಕಾಶ ನೌಕೆಗಳೂ ಇದ್ದವು, ಮಂತ್ರವಾದಿಗಳೂ ಇದ್ದರು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ತೀರ್ಪುಗಾರ, ಉಳಿದವರಿಗೆ ಒಂದೊಂದು ಪಾತ್ರ. ಕಥೆ ಬಾಯಿಮಾತಿನಲ್ಲೇ ನಡೆಯುತ್ತದೆ. ಏಟು ಬಿತ್ತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ, ದಾಳ ಹೇಳಿದ್ದರ ಅರ್ಥವನ್ನು ಪುಸ್ತಕ ಹೇಳುತ್ತದೆ. ಪುಸ್ತಕ ಹೇಳದೆ ಬಿಟ್ಟದ್ದನ್ನು ನಾನು ಹೇಳಬೇಕಿತ್ತು. ಬಿಟ್ಟದ್ದು ಬೇಕಾದಷ್ಟಿತ್ತು.

ಕವಚ ತೊಟ್ಟು ಈಜಬಹುದೇ? ಇಲ್ಲ. ಎರಡು ಕೈಯಲ್ಲಿ ಎರಡು ಕಿರಣಪಿಸ್ತೂಲು ಹಿಡಿದು ಒಂದೇ ಸುತ್ತಿನಲ್ಲಿ ಹೊಡೆಯಬಹುದೇ? ಹೌದು, ಎರಡನೆಯದಕ್ಕೆ ದಾಳದಲ್ಲಿ ನಾಲ್ಕು ಕಡಿಮೆ. ಕುದುರೆಗೆ ಹಾರುವ ಬೂಟು ತೊಡಿಸಬಹುದೇ? ಹೌದು, ಎರಡು ಜೊತೆ ಬೇಕು. ದಿನಕ್ಕೆ ಮೂವತ್ತು, ಕೆಲವೊಮ್ಮೆ ನಲವತ್ತು ಕಾಗದ. ಪ್ರತಿ ಪ್ರಶ್ನೆಗೂ ಉತ್ತರ ಟೈಪು ಮಾಡಿ, ಸಹಿ ಹಾಕಿ, ಪ್ರಶ್ನೋತ್ತರ ಎರಡನ್ನೂ ಒಂದು ಕಾರ್ಡಿನಲ್ಲಿ ಬರೆದು ಡ್ರಾಯರಿಗೆ ಹಾಕುತ್ತಿದ್ದೆ. ಊರಿನ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು, ಕಾರ್ಡು ನನಗೆ ಹೊಸದಲ್ಲ. ಜನ ಮಾತ್ರ ಹೊಸಬರು. ಲೈಬ್ರರಿಯಲ್ಲಿ ಯಾರೂ ನನ್ನ ಮಾತನ್ನು ಇಷ್ಟು ನಂಬಿರಲಿಲ್ಲ.

ನಾನು ಹೇಳುತ್ತಿರುವುದು ಎಂಬತ್ತನಾಲ್ಕರ ಜನವರಿಯ ಮಾತು. ಆಟದ ಮಾಲೀಕ, ಪುಸ್ತಕ ಬರೆದವನೂ ಆದ ಲೀಲ್ಯಾಂಡ್ ಕ್ರೂಸ್, ಅಷ್ಟೂ ವರ್ಷಗಳ ಉತ್ತರಗಳಲ್ಲಿ ಮುಖ್ಯವಾದವನ್ನು ಆರಿಸಿ ಸಲಕರಣೆ ಮತ್ತು ಕಾಳಗದ ಸ್ಪಷ್ಟನೆಗಳು ಎಂದು ಒಂದು ಹಾಳೆ ಅಚ್ಚು ಮಾಡಿಸಲು ಹೊರಟಿದ್ದ. ಒಟ್ಟು ಇನ್ನೂರ ಹದಿನಾಲ್ಕು ಪ್ರಶ್ನೆ. ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು. ಮಂಗಳವಾರ ಬೆಳಿಗ್ಗೆ ನಾನು ನೂರ ಐವತ್ತಮೂರರಲ್ಲಿದ್ದೆ. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಬೆಳಕಿನ ಗುರಾಣಿ ಎಂಬ ಪದ ಕಂಡರೆ ಸಾಕು, ತಲೆ ಚಿಟ್ಟು ಹಿಡಿಯುತ್ತಿತ್ತು. ಐವತ್ತೆಂಟು ವರ್ಷದ ಹೆಂಗಸು ಮಾಡುವ ಕೆಲಸವೇ ಇದು ಎಂದು ಒಂದೊಂದು ದಿನ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಆದರೆ ಹಾಳೆಯ ಕೊನೆಯಲ್ಲಿ ‘ಉತ್ತರಿಸಿದವರು: ಇರ್ಮಾ ಟ್ವೀಟನ್’ ಎಂದು ಅಚ್ಚಾಗುವುದನ್ನು ನೋಡುವ ಆಸೆಯೂ ಇತ್ತು. ಇಲ್ಲ ಎಂದರೆ ಸುಳ್ಳಾದೀತು.

ನಮ್ಮ ಕಚೇರಿ ಮೊದಲು ಬೂಟಿನ ಅಂಗಡಿಯಾಗಿತ್ತು. ಗಿರಾಕಿಗಳು ಪಾದ ನೋಡಿಕೊಳ್ಳಲೆಂದು ಗೋಡೆಯ ಬುಡದಲ್ಲಿ ಜೋಡಿಸಿದ್ದ ಕನ್ನಡಿಗಳನ್ನು ಯಾರೂ ಕಿತ್ತಿರಲಿಲ್ಲ. ಹಾಗಾಗಿ ಯಾರೇ ಬಂದರೂ ನನಗೆ ಮೊದಲು ಕಾಣುವುದು ಅವರ ಕಾಲು. ಅವತ್ತು ಕಂಡದ್ದು ಹಿಮ ಮೆತ್ತಿದ, ಗಂಡಸರ ಅಳತೆಯ ರಬ್ಬರ್ ಬೂಟು. ತಲೆಯೆತ್ತಿದರೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಕಂಕುಳಲ್ಲಿ ಪತ್ರಿಕೆಯಲ್ಲಿ ಸುತ್ತಿದ ಹೊಗೆ ಹಾಕಿದ ಮೀನು.

“ಇರ್ಮಾ ಟ್ವೀಟನ್ ಅಂದ್ರೆ ನೀವೇನಾ?”

“ನಾನೇ.”

“ನಮ್ಮನೇಲಿ ನಿಮ್ಮ ಹೆಸರು ತಗೊಳ್ಳೋ ರೀತಿ ನೋಡಿ, ಪೋಪ್ ಥರ ಉದ್ದ ಟೋಪಿ ಇಟ್ಕೊಂಡಿರ್ತೀರಿ ಅಂದ್ಕೊಂಡಿದ್ದೆ,” ಎಂದು ಅವಳು ಮೀನನ್ನು ನನ್ನ ಕಾಗದಗಳ ಮೇಲೇ ಇಟ್ಟಳು. “ಇದು ನಿಮಗೆ. ನಾನು ಬರ್ನಡೀನ್ ವೊಯ್ಚಿಕ್. ಪೈಕ್ ಸರೋವರದಿಂದ ಐದು ಗಂಟೆ ಗಾಡಿ ಓಡಿಸ್ಕೊಂಡು ಬಂದಿದೀನಿ. ಮೊದ್ಲು ಬಾತ್‌ರೂಮ್ ಎಲ್ಲಿ ಅಂತ ಹೇಳಿ, ಆಮೇಲೆ ಜಗಳ ಆಡೋಣ.”

ಬಾತ್‌ರೂಮಿನಿಂದ ಬಂದವಳು ಕೋಟು ಬಿಚ್ಚಲಿಲ್ಲ. ಕೈಚೀಲದಿಂದ ಎರಡು ಕಾಗದ ತೆಗೆದು ಒಂದರ ಪಕ್ಕ ಒಂದಿಟ್ಟಳು. ಎರಡರಲ್ಲೂ ನನ್ನ ಟೈಪ್‌ರೈಟರಿನ ಕುಂಟು ಅಕ್ಷರ, ಎರಡರಲ್ಲೂ ನನ್ನ ಸಹಿ. ಒಂದರಲ್ಲಿ ‘ಹೌದು’, ಇನ್ನೊಂದರಲ್ಲಿ ‘ಇಲ್ಲ’. ನಡುವೆ ಹನ್ನೊಂದು ದಿನದ ಅಂತರ.

“ಇದು ನನ್ನ ಗಂಡ ಕ್ಲೆಟಸ್‌ಗೆ ಬಂದಿದ್ದು, ಇದು ನನ್ನ ತಮ್ಮ ನಾರ್ಬರ್ಟ್‌ಗೆ ಬಂದಿದ್ದು. ಇಬ್ರೂ ಕಾಗದದ ಗಿರಣೀಲಿ ಒಂದೇ ಪಾಳಿ. ಆಟದಲ್ಲಿ ನಾರ್ಬರ್ಟೇ ತೀರ್ಪುಗಾರ. ಆರು ವರ್ಷದಿಂದ ಆಡ್ತಿದ್ರು. ಅಕ್ಟೋಬರಿಂದ ಮಾತು ಬಿಟ್ಟಿದಾರೆ. ಒಂದೇ ಯಂತ್ರದ ಆ ಕಡೆ ಒಬ್ಬ, ಈ ಕಡೆ ಒಬ್ಬ, ಎಂಟು ಗಂಟೆ ಮುಖ ಊದಿಸ್ಕೊಂಡು ನಿಂತಿರ್ತಾರೆ. ನನಗೆ ಈ ಆಟ ತಲೆಬುಡ ಅರ್ಥ ಆಗಲ್ಲ. ಯಾವುದು ಸರಿ ಹೇಳಿ, ಹೋಗ್ತೀನಿ.”

“ಏನಾಯ್ತು ಅಂತ ಹೇಳ್ತೀರಾ?”

“ನೂರು ಸಲ ಕೇಳಿದೀನಿ, ಹೇಳದೆ ಏನು.” ಅವಳು ಕುರ್ಚಿ ಎಳೆದುಕೊಂಡಳು. “ಕ್ಲೆಟಸ್‌ನ ಪಾತ್ರ ಆಲ್ಡೋ ಅಂತ. ಕಬ್ಬಿಣದ ಮೈಯಿರೋ ಸನ್ಯಾಸಿಯಂತೆ. ಏನೋ ಸೇತುವೆ ಮೇಲೆ ನಿಂತ್ಕೊಂಡು, ಉಳಿದವರು ಓಡಿಹೋಗ್ಲಿ ಅಂತ ಆ ಬೆಳಕಿನ ಗುರಾಣಿ ಹಿಡಿದನಂತೆ. ಮೊದಲನೇ ಕಿರಣ ಬಂತು, ಗುರಾಣಿ ತಡೀತು. ಅಷ್ಟಕ್ಕೆ ಅದಕ್ಕೆ ಶಕ್ತಿ ಕೊಡೋ ಒಳಗಿನ ಸೂರ್ಯಕಲ್ಲು ಮುಗೀತು. ಅದೇ ಸುತ್ತಲ್ಲಿ ಎರಡನೇ ಕಿರಣ ಬಂತು. ಕ್ಲೆಟಸ್ ಹೇಳ್ತಾನೆ, ಸುತ್ತು ಮುಗಿಯೋವರೆಗೂ ಗುರಾಣಿ ಇರತ್ತೆ. ನಾರ್ಬರ್ಟ್ ಹೇಳ್ದ, ಕಲ್ಲು ಖಾಲಿ, ಗುರಾಣಿ ಇಲ್ಲ, ದಾಳ ಹಾಕು. ಹಾಕ್ದ. ಆಲ್ಡೋ ಸತ್ತ.”

ಸತ್ತ ಎನ್ನುವಾಗ ಅವಳ ದನಿ ಸ್ವಲ್ಪ ತಗ್ಗಿತು. ತಲೆಬುಡ ಅರ್ಥವಾಗದವಳಿಗೂ ಆರು ವರ್ಷ ಮನೆಯಲ್ಲಿ ಓಡಾಡಿದ ಹೆಸರು ಅದು.

“ಆಟ ತಾನೇ ಅಂತ ನಾನೂ ಅಂದೆ. ನಿಮಗೆ ನಮ್ಮ ಕಡೆ ಗೊತ್ತಲ್ಲ. ಚಳಿಗಾಲ ಬಂದ್ರೆ ಸರೋವರ ಹೆಪ್ಪುಗಟ್ಟತ್ತೆ, ಮೀನು ಹಿಡಿಯೋ ಗುಡಿಸಲು ಎಳ್ಕೊಂಡು ಹೋಗಿ ಮಂಜಿನ ಮೇಲೆ ಇಟ್ಕೊಳ್ತಾರೆ. ಪ್ರತಿ ಶನಿವಾರ ಅಲ್ಲೇ ಆಟ. ನಾಲ್ಕು ಜನ, ಒಂದು ಸೀಮೆಎಣ್ಣೆ ಒಲೆ, ಮಧ್ಯೆ ಗಾಳ ಬಿಡೋಕೆ ಮಂಜಲ್ಲಿ ಕೊರೆದ ತೂತು. ದಾಳ ಎಷ್ಟು ಸಲ ತೂತಲ್ಲಿ ಬಿದ್ದು ಹೋಗಿದೆಯೋ. ಈ ವರ್ಷ ಮಂಜು ಗಟ್ಟಿಯಾಗಿ ಐದು ವಾರ ಆಯ್ತು. ಗುಡಿಸಲು ಇನ್ನೂ ನಮ್ಮ ಅಂಗಳದಲ್ಲೇ ಇದೆ. ಎಳೆಯೋಕೆ ಇಬ್ರು ಬೇಕು. ಯಾರ್ದು ಅಂತ ಗೋಡೆ ಮೇಲೆ ಹೆಸರು ಬರೀಬೇಕಲ್ಲ ಕಾನೂನು ಪ್ರಕಾರ, ಇಬ್ಬರ ಹೆಸರೂ ಇತ್ತು. ನವೆಂಬರಲ್ಲಿ ನಾರ್ಬರ್ಟ್ ಬಂದು ತನ್ನ ಹೆಸರು ಚಾಕೂಲಿ ಕೆರೆದು ಹೋದ.”

ನಾನು ಮೀನನ್ನು ಕಾಗದಗಳ ಮೇಲಿಂದ ಎತ್ತಿ ಪಕ್ಕಕ್ಕಿಟ್ಟೆ.

“ಕ್ಲೆಟಸ್ ಶನಿವಾರ ಊಟ ಆದ್ಮೇಲೆ ಹೋಗಿ ಅದರೊಳಗೆ ಕೂತ್ಕೋತಾನೆ. ಅಂಗಳದಲ್ಲಿ ಕಣ್ರೀ, ನೀರಿಲ್ಲ, ಮೀನಿಲ್ಲ. ಒಬ್ನೇ ದಾಳ ಹಾಕ್ತಿರ್ತಾನೆ. ಅಡುಗೆಮನೆ ಕಿಟಕಿ ಹತ್ರ ನಿಂತ್ರೆ ಸದ್ದು ಕೇಳತ್ತೆ. ಎರಡನೇ ಕಿರಣ ಬೀಳ್ದೇ ಇರೋಕೆ ಎಷ್ಟು ಬೇಕಿತ್ತೋ ಅದು ಬರತ್ತಾ ಅಂತ ನೋಡ್ತಾನೆ. ನನಗೆ ಸಾಕಾಗಿದೆ.”

ನಾನು ಎದ್ದು ಅಕ್ಟೋಬರ್ ಡ್ರಾಯರು ಎಳೆದು ಎರಡೂ ಕಾರ್ಡು ತೆಗೆದೆ. ನೋಡಿದ ಕೂಡಲೇ ನಡೆದದ್ದು ತಿಳಿಯಿತು. ಕ್ಲೆಟಸ್ ಕೇಳಿದ್ದ: ಒಂದು ಸುತ್ತಿನ ಆರಂಭದಲ್ಲಿ ಉರಿಯುತ್ತಿರುವ ಬೆಳಕಿನ ಗುರಾಣಿ ಆ ಸುತ್ತಿನ ಕೊನೆಯವರೆಗೂ ಉರಿಯುತ್ತದೆಯೇ? ಹೌದು. ನಾರ್ಬರ್ಟ್ ಕೇಳಿದ್ದ: ಸೂರ್ಯಕಲ್ಲು ಬರಿದಾದ ಸಲಕರಣೆ ರಕ್ಷಣೆ ಕೊಡುತ್ತದೆಯೇ? ಇಲ್ಲ. ಸೇತುವೆಯ ಸುದ್ದಿ ಇಬ್ಬರೂ ಎತ್ತಿರಲಿಲ್ಲ. ತಮಗೆ ಬೇಕಾದ ಉತ್ತರ ಒಂದೇ ಪದದಲ್ಲಿ ಬರುವಂತೆ ತಂತಮ್ಮ ಪ್ರಶ್ನೆಯನ್ನು ಕೆತ್ತಿ ಕಳುಹಿಸಿದ್ದರು. ಹಾಗೆ ಕೆತ್ತಲು ಕಲಿಸಿದವಳು ನಾನು. ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿ ಕಲಿಸಿದ್ದೆ.

ಒಂದು ಸಾಲು ಹೆಚ್ಚು ಬರೆಯಿರಿ, ಏನಾಯಿತು ಹೇಳಿ, ಎಂದು ಯಾರನ್ನೂ ನಾನು ಕೇಳಿದವಳಲ್ಲ. ಕೇಳಿದ್ದರೆ ನಲವತ್ತು ಕಾಗದ ಓದಿ ಮುಗಿಯುತ್ತಿರಲಿಲ್ಲ.

“ಎರಡೂ ಸರಿ,” ಎಂದೆ.

“ಅಯ್ಯೋ ದೇವರೇ, ಅದೊಂದು ಹೇಳ್ಬೇಡಿ,” ಎಂದಳು ಬರ್ನಡೀನ್. “ನಂದೇ ಸರಿ ಅಂತ ಇಬ್ರೂ ಮೂರು ತಿಂಗಳಿಂದ ಹೇಳ್ಕೊಂಡು ಬಂದಿದಾರೆ.”

ಲೀಲ್ಯಾಂಡ್‌ನನ್ನು ಕೇಳಿ ಬರುತ್ತೇನೆ ಎಂದು ಹಿಂದಿನ ಕೋಣೆಗೆ ಹೋದೆ. ಅವನು ಹೊಸ ಪುಸ್ತಕದ ಮುಖಚಿತ್ರದ ಮುಂದೆ ಕಾಫಿ ಹಿಡಿದು ನಿಂತಿದ್ದ. ಪ್ರಶ್ನೆ ಪೂರ್ತಿ ಹೇಳಿದೆ.

“ಕಲ್ಲು ಖಾಲಿ ಆದ್ರೆ ಗುರಾಣಿ ಖಾಲಿ. ಇದಕ್ಕೇನು ಅಷ್ಟು ಯೋಚನೆ? ಹಾಳೇಲಿ ಹಾಗೇ ಹಾಕು,” ಎಂದ. ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

“ಅರವತ್ತೆರಡನೇ ಪುಟದಲ್ಲಿ ಸುತ್ತಿನ ಕೊನೇವರೆಗೂ ಇರತ್ತೆ ಅಂತ ನೀನೇ ಬರ್ದಿದೀಯ.”

“ಹೌದಾ? ಯಾವಾಗ ಬರ್ದೆ ಅದನ್ನ?”

ವಾಪಸ್ ಬಂದು ಕೂತೆ. ಬರ್ನಡೀನ್ ನನ್ನ ಮುಖವನ್ನೇ ನೋಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾಲೀಕನ ತೀರ್ಪಿನಂತೆ ನಿಮ್ಮ ತಮ್ಮ ಸರಿ, ಪುಸ್ತಕದ ಪ್ರಕಾರ ನಿಮ್ಮ ಗಂಡ ಸರಿ, ಹಾಳೆ ಅಚ್ಚಾದರೆ ತಮ್ಮ ಗೆದ್ದ ಹಾಗೆ, ಎಂದೆ.

ಅವಳು ಕೈಗವಸನ್ನು ತಿರುಚಿದಳು. “ನಾರ್ಬರ್ಟ್ ಗೆದ್ರೆ ಕ್ಲೆಟಸ್ ಆ ಗುಡಿಸಲನ್ನ ಒಡೆದು ಸೌದೆ ಮಾಡ್ತಾನೆ. ಕ್ಲೆಟಸ್ ಗೆದ್ರೆ ನಾರ್ಬರ್ಟ್ ಜನ್ಮದಲ್ಲಿ ನಮ್ಮ ಹೊಸ್ತಿಲು ತುಳಿಯಲ್ಲ. ಅಪ್ಪ ಸತ್ತಾಗಿಂದ ನನಗಿರೋನು ಅವನೊಬ್ನೇ. ನಾನು ಚಿಕ್ಕಂದಿಂದ ನೋಡಿದೀನಿ ರೀ ಅವನ್ನ, ತಪ್ಪು ಅನ್ನಿಸ್ಕೊಂಡು ಬದುಕೋ ಜನ ಅಲ್ಲ.”

“ಹಾಗಾದ್ರೆ ನಾನೇನು ಮಾಡ್ಲಿ?”

“ಇಬ್ರೂ ತಪ್ಪು ಅಂತ ಬರೀರಿ.”

ನನಗೆ ನಗು ಬಂತು. ಅವಳು ನಗುತ್ತಿರಲಿಲ್ಲ.

“ಗಿರಣೀಲಿ ಯಾವತ್ತಾದ್ರೂ ಇವರಿಬ್ಬರಿಗೂ ಒಟ್ಟಿಗೆ ಮೇಸ್ತ್ರಿ ಬೈದ್ರೆ, ಸಂಜೆ ಇಬ್ರೂ ಒಂದೇ ಬಾಟಲಿ ಬ್ರಾಂಡಿ ಮುಂದೆ ಕೂತ್ಕೊಂಡು ಅವನ ಏಳು ತಲೆಮಾರು ಜಾಲಾಡಿಸ್ತಾರೆ. ಬೇರೆ ಯಾವಾಗ್ಲೂ ಅಷ್ಟು ಪ್ರೀತಿ ಇರಲ್ಲ. ಈಗ ಬೈಯೋಕೆ ಯಾರೂ ಸಿಕ್ತಿಲ್ಲ, ಅದೇ ಕಾಯಿಲೆ. ನೀವು ಸಿಗ್ತೀರಾ?”

“ಬರ್ನಡೀನ್, ಏಳು ವರ್ಷದಲ್ಲಿ ತಪ್ಪು ಅಂತ ಗೊತ್ತಿದ್ದೂ ಒಂದು ಉತ್ತರಕ್ಕೂ ನಾನು ಸಹಿ ಹಾಕಿಲ್ಲ.”

“ಗೊತ್ತಿಲ್ದೆ ಹಾಕಿದೀರಲ್ಲ,” ಎಂದು ಎರಡೂ ಕಾಗದಗಳನ್ನು ಬೆರಳಿನಿಂದ ನನ್ನ ಕಡೆ ತಳ್ಳಿದಳು. “ಗೊತ್ತಿಲ್ದೆ ಹಾಕಿದ್ದು ಇಷ್ಟು ಕೆಡಿಸ್ತು.”

ಆ ಮಾತು ನನಗೆ ನಾಟಿತು. ಕನ್ನಡಿಯಲ್ಲಿ ಅವಳ ಬೂಟು ಕಾಣುತ್ತಿತ್ತು. ಹಿಮ ಕರಗಿ ನೆಲವೆಲ್ಲ ನೀರಾಗಿತ್ತು. ಬೂಟು ಅವಳ ಗಂಡನದೇ ಇರಬೇಕು ಎಂದುಕೊಂಡೆ. ಐದು ಗಂಟೆ ಬಂದು, ಇನ್ನೈದು ಗಂಟೆ ವಾಪಸ್ ಹೋಗಬೇಕು, ಅದೂ ತಾನು ಒಮ್ಮೆಯೂ ಆಡದ ಆಟಕ್ಕಾಗಿ. ನನ್ನ ಹೆಸರಿನ ಮೇಲೆ ನನಗಿದ್ದ ಮೋಹ ಆಗ ಸ್ವಲ್ಪ ಸಣ್ಣದಾಗಿ ಕಂಡಿತು. ದೊಡ್ಡ ಮನಸ್ಸಿನವಳು ಎಂದು ಹೇಳಿಕೊಳ್ಳುತ್ತಿಲ್ಲ, ದಣಿದಿದ್ದೆ. ದಣಿದವರಿಗೆ ಕೆಲವು ಹಿಡಿತಗಳನ್ನು ಬಿಡುವುದು ಸುಲಭ.

ಟೈಪ್‌ರೈಟರಿಗೆ ಹಾಳೆ ಏರಿಸಿದೆ. ಪುಸ್ತಕದ ಸಲಕರಣೆಗಳ ಪಟ್ಟಿಯಲ್ಲಿ ಬೆಳಕಿನ ಗುರಾಣಿ ಹಗ್ಗ ಮತ್ತು ಕಂದೀಲುಗಳ ಪಕ್ಕದಲ್ಲೇ ಅಚ್ಚಾಗಿತ್ತು, ಅಚ್ಚಿನವನ ಜಾಗದ ಲೆಕ್ಕ ಅಷ್ಟೇ. ಅದನ್ನೇ ಹಿಡಿದು ಬರೆದೆ: ‘ಶ್ರೀ ಕ್ಲೆಟಸ್ ವೊಯ್ಚಿಕ್ ಮತ್ತು ಶ್ರೀ ನಾರ್ಬರ್ಟ್ ಗುರ್ಸ್ಕಿ ಅವರಿಗೆ. ನಿಮ್ಮಿಬ್ಬರ ಅಭಿಪ್ರಾಯವೂ ತಪ್ಪು. ನಾನು ಹಿಂದೆ ಕೊಟ್ಟ ಎರಡು ಉತ್ತರಗಳೂ ರದ್ದು. ಬೆಳಕಿನ ಗುರಾಣಿ ಕಾಳಗದ ಸಲಕರಣೆಯೇ ಅಲ್ಲ. ಅದು ದೀಪ. ಯಾವ ಸುತ್ತಿನಲ್ಲೂ ಯಾವ ಏಟನ್ನೂ ಅದು ತಡೆಯುವುದಿಲ್ಲ, ಹಿಂದೆ ತಡೆದದ್ದೂ ಲೆಕ್ಕಕ್ಕಿಲ್ಲ. ಈ ತೀರ್ಪು ಅಂತಿಮ.’

ಓದಿ ಹೇಳಿದೆ. “ಇದಕ್ಕೆ ಕೋಪ ಬರತ್ತಾ?” ಎಂದಳು.

“ಆರು ವರ್ಷ ಅದನ್ನ ಹಿಡ್ಕೊಂಡು ಹೋರಾಡಿದವರಿಗೆ ಅದು ಕಂದೀಲು ಅಂತ ಹೇಳ್ತಿದೀನಿ. ಕೋಪ ಅಂದ್ರೆ ಸಾಲದು.”

“ಒಂದೇ ಕಾಗದ ಮಾಡಿ, ಎರಡು ಪ್ರತಿ ಬೇಡ. ಓದೋಕೆ ಒಟ್ಟಿಗೆ ಕೂರ್ಬೇಕು. ನಾನು ಬಂದಿದ್ದು ಯಾರಿಗೂ ಹೇಳಬಾರ್ದು, ನಿಮ್ಮ ಮಾಲೀಕರಿಗೂ.”

ಸಹಿ ಹಾಕುವಾಗ ಕೈ ತಡೆಯಿತು. ಪೆನ್ನು ಕಾಗದಕ್ಕೆ ತಾಗಿಸಿ ಹಾಗೇ ಕುಳಿತೆ, ಶಾಯಿ ಒಂದು ಚುಕ್ಕೆ ಕಟ್ಟಿತು. ಆಮೇಲೆ ಹಾಕಿದೆ. ಅವಳು ಈ ಊರಿನಲ್ಲೇ ಅಂಚೆಗೆ ಹಾಕುತ್ತೇನೆಂದು ಲಕೋಟೆ ತೆಗೆದುಕೊಂಡು, ನನ್ನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು, ಮೀನನ್ನು ಇವತ್ತೇ ತಿನ್ನಬೇಕೆಂದು ಹೇಳಿ ಹೋದಳು. ನಾನು ಹಾಳೆಯಿಂದ ನೂರ ಐವತ್ತನಾಲ್ಕನೇ ಪ್ರಶ್ನೆಯನ್ನು, ಬರಿದಾದ ಗುರಾಣಿಯದನ್ನು, ತೆಗೆದುಹಾಕಿ ಮುಂದಿನ ಸಂಖ್ಯೆಗಳನ್ನೆಲ್ಲ ಒಂದೊಂದು ಇಳಿಸಿದೆ. ಲೀಲ್ಯಾಂಡ್ ಅದನ್ನು ಗಮನಿಸಲಿಲ್ಲ. ತನ್ನ ಪುಸ್ತಕವನ್ನೇ ಗಮನಿಸದವನು ನನ್ನ ಹಾಳೆಯನ್ನು ಎಲ್ಲಿ ಗಮನಿಸುತ್ತಾನೆ.

ಮೂರು ವಾರ ಕಳೆಯಿತು. ಪ್ರೆಸ್ಸಿನವನ ಯಂತ್ರ ಕೆಟ್ಟು ಹಾಳೆ ಇನ್ನೂ ಅಲ್ಲೇ ಇತ್ತು. ಒಂದು ಗುರುವಾರ ಲೀಲ್ಯಾಂಡ್ ತನ್ನ ಕೋಣೆಯಿಂದ ತಾನೇ ಎದ್ದು ನನ್ನ ಮೇಜಿಗೆ ಬಂದ. ಅದೇ ಒಂದು ಅಪರೂಪ. ಕೈಯಲ್ಲಿ ಹನ್ನೊಂದು ಪುಟದ ಕಾಗದದ ನಕಲು.

“ಬೆಳಕಿನ ಗುರಾಣಿ ದೀಪ ಅಂತ ನೀನು ಬರ್ದಿದ್ದಾ?”

“ಹೌದು.”

“ಇರ್ಮಾ, ಅದರ ಹೆಸರಲ್ಲೇ ಗುರಾಣಿ ಅಂತ ಇದೆ.”

“ಇದೆ.”

“ಈ ಪೈಕ್ ಸರೋವರದವರು ಮಿನಿಯಾಪೊಲಿಸ್‌ನ ಆಟಗಾರರ ಪತ್ರಿಕೆಗೂ ಕಳ್ಸಿದಾರೆ. ಬೆಳಿಗ್ಗೆಯಿಂದ ನಾಲ್ಕು ಫೋನು. ಯಾಕೆ ಬರ್ದೆ?”

ಹೇಳಿಬಿಡಬಹುದಿತ್ತು. ಬಾಯಿ ತುದಿಗೆ ಬಂದಿತ್ತು. “ದಣಿದಿದ್ದೆ,” ಎಂದೆ.

ಅವನು ಕೆಟ್ಟವನಲ್ಲ. ಕುತ್ತಿಗೆ ಕೆರೆದುಕೊಂಡು, ಗೋಡೆ ಬುಡದ ಕನ್ನಡಿಯಲ್ಲಿ ತನ್ನ ಬೂಟನ್ನೇ ನೋಡುತ್ತ, ಇನ್ನು ಮೇಲೆ ಪ್ರಶ್ನೆಗಳಿಗೆ ತಾನೇ ಉತ್ತರಿಸುವುದಾಗಿ ಹೇಳಿದ. ನೀನು ಆರ್ಡರು ಕಳಿಸೋ ಕೆಲಸ ನೋಡ್ಕೋ, ಸ್ವಲ್ಪ ಹಗುರ ಆಗತ್ತೆ, ಎಂದ. ಹಾಳೆಯ ಕೊನೆಯಲ್ಲಿ ನನ್ನ ಹೆಸರಿದ್ದ ಸಾಲು ತೆಗೆಸಲು ಪ್ರೆಸ್ಸಿಗೆ ಫೋನು ಮಾಡಿದ್ದೂ ನನಗೆ ಕೇಳಿಸಿತು. ಸಂಕಟವಾಯಿತು. ಇನ್ನೂರ ಹದಿಮೂರು ಉತ್ತರ, ಒಂದೊಂದೂ ನನ್ನದು, ಒಂದರ ಕೆಳಗೂ ನಾನಿಲ್ಲ. ನೀರು ಕುಡಿದು ಬಂದು ಕೂತೆ.

ಅವತ್ತಿನ ಟಪಾಲಿನಲ್ಲಿ ಆ ಕಾಗದದ ಮೂಲ ಪ್ರತಿ ನನ್ನ ಹೆಸರಿಗೆ ಬಂದಿತ್ತು. ಲಕೋಟೆ ತೆರೆದರೆ ಸೀಮೆಎಣ್ಣೆಯ ವಾಸನೆ. ಮೂರನೇ ಪುಟದ ಮೇಲೆ ಮೀನಿನ ಎಣ್ಣೆಯ ಕಲೆ, ಅದರಲ್ಲಿ ಎರಡು ಹುರುಪೆ. ಎರಡು ಬೇರೆ ಬೇರೆ ಕೈಬರಹ. ಒಂದು ದುಂಡಗೆ, ಇನ್ನೊಂದು ಬಾಗಿಕೊಂಡು, ಒಬ್ಬ ನಿಲ್ಲಿಸಿದ ವಾಕ್ಯವನ್ನು ಇನ್ನೊಬ್ಬ ಮುಗಿಸಿದ್ದ. ಪುಟಸಂಖ್ಯೆ, ಪಟ್ಟಿ, ಉದಾಹರಣೆ ಸಮೇತ ನನ್ನ ತೀರ್ಪನ್ನು ಎಳೆಎಳೆಯಾಗಿ ಬಿಡಿಸಿ ಹಾಕಿದ್ದರು. ಅಷ್ಟು ಚೆನ್ನಾಗಿ ವಾದ ಮಾಡಿದ ಕಾಗದ ಏಳು ವರ್ಷದಲ್ಲಿ ನನಗೆ ಬಂದಿರಲಿಲ್ಲ. ಎಂಟನೇ ಪುಟದಲ್ಲಿ ಬಾಗಿದ ಅಕ್ಷರದವನು ಬರೆದಿದ್ದ: ‘ಆಲ್ಡೋ ಬದುಕಿದ್ದಾನೋ ಸತ್ತಿದ್ದಾನೋ ಎಂಬುದು ನಮ್ಮ ಗುಡಿಸಲಿನ ವಿಚಾರ. ಅದರಲ್ಲಿ ನೀವು ತಲೆ ಹಾಕುವುದು ಬೇಡ.’ ಅದರ ಕೆಳಗೆ ದುಂಡಗೆ: ‘ಹೌದು, ಬೇಡ.’

ಕೊನೆಯ ಪುಟದಲ್ಲಿ, ನಾವು ಕೇಳಿದ ಪದ್ಧತಿಯಂತೆಯೇ, ಒಂದೇ ಪ್ರಶ್ನೆಯಿತ್ತು. ‘ಈ ಕೆಲಸ ಮಾಡುವ ಯೋಗ್ಯತೆ ನಿಮಗಿದೆಯೇ? ಹೌದು ಅಥವಾ ಇಲ್ಲ ಎಂದು ಉತ್ತರಿಸಿ.’

ಜೊತೆಗೆ ಅಂಚೆಚೀಟಿ ಹಚ್ಚಿದ ಲಕೋಟೆ. ಅದರ ಮೇಲೆ ಒಂದೇ ವಿಳಾಸ, ಎರಡು ಹೆಸರು. ಕ್ಲೆಟಸ್ ವೊಯ್ಚಿಕ್, ನಾರ್ಬರ್ಟ್ ಗುರ್ಸ್ಕಿ. ಎರಡನೆಯ ಹೆಸರಿಗೆ ಬೇರೆ ಪೆನ್ನು. ಅವನೇ ಬರೆದಿದ್ದ.

ಆ ಲಕೋಟೆಯನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಟೈಪ್‌ರೈಟರಿಗೆ ಹಾಳೆ ಏರಿಸಿ ‘ಇಲ್ಲ’ ಎಂದು ಟೈಪು ಮಾಡಿ, ಕೆಳಗೆ ನನ್ನ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದೆ. ಈ ಸಲ ಕೈ ತಡೆಯಲಿಲ್ಲ.